ಎಂಬತ್ತರ ಟಿಕೆಟ್ಟಿಗೆ ನೂರರ ನೋಟು

ಹೊಸಪೇಟೆಯ ಥಿಯೇಟರಿನ ಮುಂದೆ ಬಿಸಿಲಿತ್ತು ಎಂದು ಬರೆದು ಹೊಡೆದುಹಾಕಿದೆ. ಇತ್ತೋ ಇಲ್ಲವೋ ನೆನಪಿಲ್ಲ. ಈ ಕಡೆಯ ಬಗ್ಗೆ ಬರೆಯಲು ಕೂತರೆ ಬಿಸಿಲು ತಾನಾಗಿಯೇ ಬಂದುಬಿಡುತ್ತದೆ.

ಕೈಯಲ್ಲಿ ಎರಡು ಟಿಕೆಟ್ ಇದ್ದದ್ದಂತೂ ನಿಜ. ಗಣಿಯಲ್ಲಿ ಶಿಫ್ಟ್ ಬದಲಾಗಿ ಸಂಡೂರಿನ ಗೆಳೆಯ ಬರಲಿಲ್ಲ. ಹೌಸ್‌ಫುಲ್ ಬೋರ್ಡು ಬಿದ್ದಿತ್ತು.

"ಒಂದ್ ಟಿಕೆಟ್ ಜಾಸ್ತಿ ಐತೇನ್ರಿ?" ಲುಂಗಿಯುಟ್ಟವನೊಬ್ಬ ಕೇಳಿದ.

ಕೊಟ್ಟೆ. ಅವನು ನೂರರ ನೋಟು ಕೊಟ್ಟ. ಟಿಕೆಟ್ಟಿನ ಮೇಲೆ ಎಂಬತ್ತು ಎಂದಿತ್ತು. ಜೇಬು ತಡಕಿದೆ, ಚಿಲ್ಲರೆ ಇಲ್ಲ. "ಇರ್ಲಿ ಬಿಡ್ರಿ" ಎಂಬ ಮಾತು ಬಂತು. ಯಾರ ಬಾಯಿಂದ? ಅವನೇ ಅಂದ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಈಗ ಅದು ಅವನ ದನಿಯಲ್ಲೇ ಕೇಳಿಸುತ್ತದೆ. ಅದಕ್ಕೇ ನಂಬಿಕೆ ಬರುವುದಿಲ್ಲ.

ನೋಟು ಹಿಡಿದಿದ್ದ ನನ್ನ ಕೈಯನ್ನು ಅವನು ಗಟ್ಟಿಯಾಗಿ ಹಿಡಿದ. ಮಫ್ತಿಯಲ್ಲಿದ್ದ ಪೊಲೀಸು.

"ಬರೆದ ರೇಟಿಗಿಂತ ಒಂದ್ ರೂಪಾಯಿ ಹೆಚ್ಗಿ ತಗೊಂಡ್ರೂ ಬ್ಲ್ಯಾಕೇ. ನಡಿ."

ಕೌಂಟರಿಗೆ ಹೋಗುವ ಕಬ್ಬಿಣದ ಸರಳಿನ ಓಣಿಯೊಳಗೆ ತಳ್ಳಿ ಗೇಟು ಹಾಕಿದ. ಪಕ್ಕಕ್ಕೆ ತಿರುಗಿದರೆ ಎರಡೂ ಕಡೆ ಸರಳು ತಗಲುತ್ತಿತ್ತು. ಅಲ್ಲಿ ಆಗಲೇ ಸಿಕ್ಕಿಬಿದ್ದಿದ್ದ ಇನ್ನೊಬ್ಬ, ಬ್ಲ್ಯಾಕನ್ನೇ ಕಸುಬು ಮಾಡಿಕೊಂಡವನು, ಎಲೆಅಡಿಕೆ ಜಗಿಯುತ್ತ ಕೂತಿದ್ದ.

"ಹೊಸಬ್ರೇನ್ರಿ? ಕುಂದ್ರಿ. ಒಪ್ಕೊಂಬಿಡ್ರಿ. ದಂಡ ಕಟ್ಟಿ ಸಂಜಿಗೆ ಮನಿಗೆ ಹೋಗ್ಬೋದು."

"ನಾ ಹಂಪ್ಯಾಗ ಗೈಡ್ ಅದೀನ್ರಿ. ಒಪ್ಕೊಂಡ್ರ ಗೈಡ್ ಕಾರ್ಡ್ ಹೋಗತೈತಿ."

"ಹಂಗಾರ ಒಪ್ಕೋಬ್ಯಾಡ್ರಿ."

"ಕೇಸ್ ಮುಗಿಯೋತನಕ ಕಾರ್ಡ್ ಹೊಸದು ಮಾಡ್ಕೊಡಂಗಿಲ್ರಿ. ಕಾರ್ಡಿಲ್ದ ಹಂಪಿ ತೋರ್ಸಿದ್ರ ಅದೂ ಕೇಸೇ."

ಅವನು ಜಗಿಯುವುದನ್ನು ನಿಲ್ಲಿಸಿದ. "ನಮ್ ದಂಧೆನೇ ಚಲೋ ಬಿಡ್ರಿ. ಕಾರ್ಡ್ ಕೇಳಾರಿಲ್ಲ."

ಒಳಗೆ ಶಿಳ್ಳೆಗಳೆದ್ದವು. ಸಿನಿಮಾ ಶುರುವಾಗಿತ್ತು. ಅದೇ ಹೊತ್ತಿಗೆ ಸಂಡೂರಿನಿಂದ ಫೋನು.

"ಹೀರೋ ಎಂಟ್ರಿ ಹೆಂಗೈತಲೇ?"

"ಮಸ್ತ್" ಎಂದೆ.

ಪೊಲೀಸು ಗೇಟಿಗೆ ಬಂದ. "ಹೆಚ್ಗಿ ರೊಕ್ಕ ಕೇಳಿ ತಗೊಂಡಿ, ಹೌದಲ್ಲೋ?"

"ಯಾರು ಏನಂದ್ವಿ ನೆನಪಿಲ್ರಿ."

"ಈಗಿಂದೀಗ ನೆನಪಿಲ್ಲಾ? ಹೌದು ಅನ್ನು, ಇಲ್ಲಾ ಇಲ್ಲ ಅನ್ನು. ಮೂರನೇದ್ ಇಲ್ಲ."

"ಇಲ್ಲ" ಎಂದೆ. ಧೈರ್ಯದಿಂದಲ್ಲ, ಅದು ಅವನು ಕೊನೆಗೆ ಹೇಳಿದ ಪದವಾಗಿತ್ತು, ಬಾಯಿಗೆ ಹತ್ತಿರವಿತ್ತು.

ಕೇಸು ನಡೆಯುತ್ತಿದೆ. ಕಾರ್ಡಿನ ಅವಧಿ ಮುಗಿದಿದೆ. ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದೇನೆ. ರಜೆಯ ದಿನ ಹಂಪಿ ಬಜಾರಿಗೆ ಹೋಗುತ್ತೇನೆ. ಪ್ರವಾಸಿಗರು ದಾರಿ ಕೇಳಿದರೆ ಕೈ ತೋರಿಸುತ್ತೇನೆ. ಮಂಟಪದ ಕಡೆ ನೋಡಿ ಇದೇನು ಎಂದು ಕೇಳಿದರೆ, ಯಾರಾದರೂ ಗಮನಿಸುತ್ತಿದ್ದಾರೇನೋ ಎಂದು ಹಿಂದೆ ತಿರುಗಿ ನೋಡುತ್ತೇನೆ.