ಮುರಿಗೆಪ್ಪ ಕೊಟ್ಟ ಇಂಟರ್ವಲ್

ಕೀತ್ ಎಂಬ ಇಂಗ್ಲಿಷಿನವನನ್ನು ಮುರಿಗೆಪ್ಪ ಮೊದಲು ಕಂಡದ್ದು 1996ರ ಮಾರ್ಚಿನಲ್ಲಿ, ಲಂಡನ್ನಿನ ಹೌನ್ಸ್ಲೋದ ಒಂದು ಬಸ್ ಸ್ಟಾಪಿನಲ್ಲಿ. ಬೋಳುತಲೆ, ಕಿವಿಯ ಪಕ್ಕ ಮಾತ್ರ ಹಸಿರು ಬಣ್ಣ ಬಳಿದ ಕೂದಲು, ಕಾಲಲ್ಲಿ ನೀಟಾಗಿ ಪಾಲಿಶ್ ಮಾಡಿದ ಆಫೀಸು ಬೂಟು. ತೊಡೆಯ ಮೇಲೆ ಹಳೆಯ ಪ್ರೊಜೆಕ್ಟರ್ ಇಟ್ಟುಕೊಂಡು ಅದಕ್ಕೆ ರೀಲು ಏರಿಸಲು ಹೆಣಗುತ್ತಿದ್ದ. ಮುರಿಗೆಪ್ಪನ ಬಸ್ಸು ಬಂತು, ಹೋಯಿತು. ಅವನು ಹತ್ತಲಿಲ್ಲ.

“ಉಲ್ಟಾ ಹಾಕೀರಿ ನೋಡ್ರಿ ಸರ್,” ಎಂದ, ತನ್ನ ಇಂಗ್ಲಿಷಿನಲ್ಲಿ.

ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಟೆಂಟ್ ಸಿನಿಮಾ ಆಪರೇಟರ್ ಆಗಿದ್ದವನು ಈಗ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಎತ್ತುತ್ತಿದ್ದ. ಲಂಡನ್ನಿಗೆ ಬಂದಮೇಲೆ ಪ್ರೊಜೆಕ್ಟರ್ ಮುಟ್ಟಿರಲೇ ಇಲ್ಲ. ಕೀತನದು ಎಪ್ಪತ್ತರ ದಶಕದ ಪಂಕ್ ಬ್ಯಾಂಡು, ಅಂದರೆ ಗದ್ದಲವನ್ನೇ ಸಂಗೀತ ಮಾಡಿಕೊಂಡ ತಂಡ; ಹೆಸರು ‘ವೆಟ್ ಪ್ಲಗ್ಸ್’. ಗಿಟಾರ್ ಇಲ್ಲ; ಸಿಂಥಸೈಜರ್ ಎಂಬ ಕರೆಂಟಿನ ವಾದ್ಯ, ಕೂಗಾಟ, ಹಿಂದೆ ಮೂರು ಪರದೆಗಳ ಮೇಲೆ ಚಿತ್ರ. ಒಡೆದುಹೋಗಿದ್ದ ಬ್ಯಾಂಡು ಕ್ರೋಯ್ಡನ್ನಿನ ಪಬ್ಬೊಂದರ ಹಾಲಿನಲ್ಲಿ ಮತ್ತೆ ಕೂಡಲಿತ್ತು.

“ಪ್ರೊಜೆಕ್ಟರ್‌ಗಳನ್ನು ನೀವು ನಡೆಸಿ. ಚೆನ್ನಾಗಿ ಆದರೆ ಮುಂದೆಯೂ ನೀವೇ. ಇಲ್ಲದಿದ್ದರೆ ಕಂಪ್ಯೂಟರ್ ತರುತ್ತೇವೆ,” ಎಂದ ಕೀತ್.

ಮುರಿಗೆಪ್ಪನಿಗೆ ನಿದ್ದೆ ಹಾರಿಹೋಯಿತು. ಹೆಂಡತಿ ರತ್ನವ್ವ, “ಸೂಟ್‌ಕೇಸು ಹೊತ್ತು ಬೆನ್ನು ಹೋತು, ಈಗ ಕಿವೀನೂ ಕಳಕೊಂಡು ಬರ್ರಿ!” ಎಂದಳು. ಅವಳದೂ ಸುಳ್ಳಲ್ಲ. ತಾಲೀಮಿನ ಮೊದಲ ದಿನ ಗಂಟೆಗಟ್ಟಲೆ ಹಿಟ್ಟಿನ ಗಿರಣಿಯಂಥ ಸದ್ದು ಕೇಳಿ, “ಹಾಡು ಯಾವಾಗ ಶುರು?” ಎಂದು ಮುರಿಗೆಪ್ಪ ಕೇಳಿದ್ದ. “ಐದು ಮುಗಿದವು,” ಎಂದಿದ್ದ ಕೀತ್.

ಪ್ರದರ್ಶನದ ದಿನ ಹಾಲಿನ ತುಂಬ ಜನ. ಪರದೆಗಳ ಮೇಲೆ ವಾಷಿಂಗ್ ಮಶೀನು ತಿರುಗಿತು, ಕರೆಂಟಿನ ಕಂಬಗಳು ಓಡಿದವು. ಎರಡನೇ ಹಾಡಿಗೆ ಜನ ಬೈಯತೊಡಗಿದರು. ಬಿಯರ್ ತುಂಬಿದ ಗ್ಲಾಸುಗಳು ವೇದಿಕೆಗೆ ಹಾರಿದವು. ಟೆಂಟಿನ ಮಾಲೀಕ ಮುರಿಗೆಪ್ಪನಿಗೆ ಕಲಿಸಿದ್ದು ಒಂದೇ ಪಾಠ: ಜನ ಒಗೆಯಲು ಶುರುಮಾಡಿದರೆ, ಅವರು ಪರದೆ ಹರಿಯುವ ಮೊದಲೇ ರೀಲು ನಿಲ್ಲಿಸು, ದೀಪ ಹಾಕು.

ನಿಲ್ಲಿಸಿದ. ಹಾಲಿನ ಎಲ್ಲ ದೀಪ ಹಾಕಿದ. ಮೈಕು ಹಿಡಿದು, “ಹತ್ತು ಮಿನಿಟ್ ಇಂಟರ್ವಲ್! ಎಲ್ಲಾರೂ ಕೂಡ್ರಿ!” ಎಂದ.

ಕೂರಲು ಒಂದು ಕುರ್ಚಿಯೂ ಇರಲಿಲ್ಲ. ಬೆಳಕಿನಲ್ಲಿ ಪಂಕ್ ಅಭಿಮಾನಿಗಳು ಒಬ್ಬರನ್ನೊಬ್ಬರು ನೋಡಿದರು: ಜಾಕೆಟ್ಟಿನ ತುಂಬ ಸೇಫ್ಟಿ ಪಿನ್ನು, ಅದರೊಳಗೆ ಗುಂಡಾದ ಹೊಟ್ಟೆ. ಒಬ್ಬನ ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿ ಹಾಗೇ ನೇತಾಡುತ್ತಿತ್ತು.

ಕೀತ್ ಓಡಿಬಂದ. “ಏನು ಮಾಡಿದಿರಿ?”

“ನಿಮ್ಮನ್ನ ಹೊಡಿಯಾಕ ಹತ್ತಿದ್ರಲ್ರೀ!”

“ಅವರಿಗೆ ಇಷ್ಟವಾಗಿತ್ತು, ಮಾರಾಯ!”

“ಇಷ್ಟ ಆದ್ರ ನಮ್ಮ ಕಡೆ ಚಿಲ್ಲರ ಒಗೀತಾರ್ರೀ. ಬಿಯರ್ ಅಲ್ಲ.”

ಹೋಯಿತು, ಕಂಪ್ಯೂಟರ್ ಬಂತು ಅಂದುಕೊಂಡ ಮುರಿಗೆಪ್ಪ. ಅಷ್ಟರಲ್ಲಿ ಬ್ಯಾಂಕಿನವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಕ್ಕು ನಕ್ಕು ಅವನ ಪಕ್ಕದವರೂ ಕೂತರು. ನೋಡನೋಡುತ್ತ ಹಾಲಿಗೆ ಹಾಲೇ ಕೂತು, “ಇಂಟರ್ವಲ್! ಇಂಟರ್ವಲ್!” ಎಂದು ಕೂಗತೊಡಗಿತು. ಆಮೇಲೆ ಎದ್ದವರಿಂದ ಬಾರಿನಲ್ಲಿ ನೂಕುನುಗ್ಗಲಾಯಿತು.

ಕೀತ್ ಜನರನ್ನು ನೋಡಿದ, ಮುರಿಗೆಪ್ಪನನ್ನು ನೋಡಿದ. “ಮುಂದಿನ ಸಲ ಮೂರನೇ ಹಾಡಿನವರೆಗಾದರೂ ತಡೆಯಿರಿ,” ಎಂದ.

ಈಗ 2007. ಮುರಿಗೆಪ್ಪ ಹೀಥ್ರೋದಿಂದ ನಿವೃತ್ತನಾಗಿದ್ದಾನೆ. ವೆಟ್ ಪ್ಲಗ್ಸ್ ಬ್ಯಾಂಡಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿ ಕೆಲಸ ಮಾಡುತ್ತಾನೆ.