ಕೀಲಿಕೈ ಜೇಬಿನಲ್ಲಿತ್ತು

ಗೆಳೆಯರೇ, ಈಗಷ್ಟೇ ಕೊಪ್ಪಳದ ಸಭೆ ಮುಗಿಸಿ ಹೊರಬಂದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಒಬ್ಬರೇ ಮಾಸ್ತರರಿರುವ ಶಾಲೆಗಳನ್ನು ಸುಧಾರಿಸುವುದು ಹೇಗೆ ಎಂಬುದು ವಿಷಯ. ಆ ಮಾಸ್ತರರನ್ನೆಲ್ಲ ಕರೆಸಿದ್ದರು.

ರಾಯಚೂರಿನಿಂದ ಬಂದ ತಪಾಸಣೆಯ ಸಾಹೇಬರು ಮೇಜು ಗುದ್ದಿದರು. “ಒಂದ ದಿನಾನೂ ಸಾಲಿ ಮುಚ್ಚಬಾರದು!”

ನನಗೆ ತಡೆಯಲಾಗಲಿಲ್ಲ. ಜೇಬಿನಿಂದ ನನ್ನ ಶಾಲೆಯ ಕೀಲಿಕೈ ತೆಗೆದು ತೋರಿಸಿದೆ. “ಇವತ್ತ ಎಲ್ಲಾ ಸಾಲಿಗೂ ಕೀಲಿ ಬಿದ್ದೈತ್ರಿ ಸಾಹೇಬ್ರ. ನಾವೆಲ್ಲಾ ಇಲ್ಲೇ ಅದೀವಲ್ರಿ.”

ಹಿಂದಿನ ಸಾಲಿನಿಂದ ಕುಷ್ಟಗಿ ಕಡೆಯ ಹುಸೇನಸಾಬ ಮಾಸ್ತರರು ಎದ್ದರು. “ನಮ್ಮ ಸಾಲಿ ತೆರದೈತ್ರಿ. ನನ್ನ ಹೆಂಡ್ತಿ ಹುಡುಗರಿಗೆ ಮಗ್ಗಿ ಹೇಳಿಸಾಕತ್ತಾಳ.”

“ಆಕಿಗೆ ನೇಮಕದ ಹುಕುಂ ಐತೇನು?”

“ಹುಕುಂ ಇಲ್ರಿ. ಮಗ್ಗಿ ಬರ್ತಾವ್ರಿ.”

ಎಲ್ಲರೂ ಗೊಳ್ಳೆಂದು ನಕ್ಕೆವು. ಸಾಹೇಬರು ನಗಲಿಲ್ಲ. ನೇಮಕವಿಲ್ಲದವರಿಂದ ಪಾಠ ಮಾಡಿಸಿದ್ದೇಕೆ ಎಂದು ಹುಸೇನಸಾಬರು ಎಂಟು ದಿನದೊಳಗೆ ಸರ್ಕಾರಿ ಭಾಷೆಯಾದ ಉರ್ದುವಿನಲ್ಲಿ ಬರೆದು ಕೊಡಬೇಕಂತೆ.

ಕೀಲಿ ಹಾಕಿ ಬಂದ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಸಭೆಗೆ ಪೂರ್ತಿ ಹಾಜರಿ ಎಂದು ಹೊಗಳಿ, ಚಹಾ ಕುಡಿಸಿ ಕಳಿಸಿದರು.