ಹುಣಸೆಬೀಜದ ನಕ್ಷೆಯಲ್ಲಿ ಕಾಣೆಯಾದ ಮೂಲೆ

ಮಕ್ಕಳನ್ನು ಮನೆಯೊಳಗೆ ಹಿಡಿದಿಡುವುದು ರಾಜ್ಯಭಾರಕ್ಕಿಂತ ಕಷ್ಟದ ಕೆಲಸವೆಂದು ತಿಳಿದವರು ಹೇಳುತ್ತಾರೆ. ನಮ್ಮ ಕಾಲದಲ್ಲಿ ಅದಕ್ಕೆ ಒಂದು ಚಿಲಕ ಸಾಕಾಗುತ್ತಿತ್ತು.

ಹೋದ ವಾರ ಬೇಲೂರಿನ ನಮ್ಮ ಮನೆಗೆ ವರ್ಷದ ಹುಣಸೆಹಣ್ಣು ಬಂತು. ಜಗುಲಿಯ ಮೇಲೆ ಕೂತು ಬೀಜ ಬಿಡಿಸುತ್ತಿದ್ದೆ. ಆ ಹುಳಿವಾಸನೆ ಮೂಗಿಗೇರಿದ್ದೇ ತಡ, ಕೈ ನನ್ನನ್ನು ಕೇಳದೆ ಬೀಜಗಳನ್ನು ಒಂದರ ಪಕ್ಕ ಒಂದು ಇಡತೊಡಗಿತು. ಹತ್ತು ಬೀಜ ಆದ ಮೇಲೆ ತಿಳಿಯಿತು, ನಾನು ಗೋಡೆ ಕಟ್ಟುತ್ತಿದ್ದೇನೆ ಎಂದು. ಸರ್ವೆ ತಾತ ನೆನಪಾದರು...

ಅರಸೀಕೆರೆಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಜಾವಗಲ್ಲು, ಗಂಡಸಿ ಕಡೆಯ ಹೊಲಗಳನ್ನೆಲ್ಲ ಸರಪಳಿ ಎಳೆದು ಅಳೆದು ಪೆನ್ಷನ್ ಪಡೆದವರು. ಅವರು ನಂಬುತ್ತಿದ್ದುದು ಎರಡನ್ನು: ದೇವರು, ಮತ್ತು ಬಿಗಿಯಾಗಿ ಎಳೆದ ಸರಪಳಿ. ದೇವರ ವಿಷಯದಲ್ಲಿ ಆಗಾಗ ಅನುಮಾನ ಬರುತ್ತಿತ್ತಂತೆ. ಪೆನ್ಷನ್ ಆದ ಮೇಲೂ ಕಣ್ಣು ಸುಮ್ಮನಿರಲಿಲ್ಲ. ನಮ್ಮ ಬೀದಿಯ ಕೊಬ್ಬರಿ ಮಂಡಿಯವರ ಜಗುಲಿ ನಾಲ್ಕು ಬೆರಳು ರಸ್ತೆಗೆ ಬಂದಿದೆ ಎಂದು ಸಾಧಿಸಿ, ಅದನ್ನು ಕಡಿಸಿಯೇ ಬಿಟ್ಟಿದ್ದರು. ಮಂಡಿಯವರು ಅದನ್ನು ಮರೆತಿರಲಿಲ್ಲ.

ನನಗಾಗ ಹತ್ತು ವರ್ಷ, ತಮ್ಮನಿಗೆ ಏಳು. ಇಬ್ಬರಿಗೂ ಒಟ್ಟಿಗೆ ನಾಯಿಕೆಮ್ಮು ಹತ್ತಿತು. ಗುಣವಾಗುವವರೆಗೆ ಸ್ಕೂಲಿನ ಕಡೆ ತಲೆ ಹಾಕಬಾರದೆಂದು ಮೇಷ್ಟ್ರು ಅಪ್ಪಣೆ ಮಾಡಿದರು. ನಾವು ಬಹಳ ದಿನದಿಂದ ಕಾಯುತ್ತಿದ್ದ ಅಪ್ಪಣೆ. ಸಂತೋಷ ಮೂರು ದಿನ ಬಾಳಿತು. ನಾಲ್ಕನೆಯ ದಿನ ತಮ್ಮ ಬೆಕ್ಕಿಗೆ ವಿಭೂತಿ ಬಳಿದು ಅದಕ್ಕೆ ಮಂತ್ರೋಪದೇಶ ಮಾಡಲು ಹೊರಟ. ಅಮ್ಮ ಗೋಡೆಯಾಚೆಗೆ ಕೂಗಿದಳು: "ರಾಯರೇ, ಈ ಎರಡಕ್ಕೂ ಏನಾದ್ರೂ ಕೆಲಸ ಕೊಡಿ. ಇಲ್ದಿದ್ರೆ ಬೆಕ್ಕು ಸನ್ಯಾಸ ತಗೊಳತ್ತೆ!"

ತಾತ ಬಂದರು. ಕೈಯಲ್ಲಿ ತೆಂಗಿನ ನಾರಿನ ಹಗ್ಗ, ಅಡಿಗೊಂದು ಗಂಟು. ಅಮ್ಮನಿಂದ ಒಂದು ಮೊರ ಹುಣಸೆಬೀಜ ಕೇಳಿ ಇಸಿದುಕೊಂಡರು.

"ಒಂದಡಿಗೆ ಒಂದು ಬೀಜ. ಅರ್ಧ ಅಡಿಗೆ ಒಡೆದ ಬೀಜ. ಇಡೀ ಮನೆ ನನಗೆ ಈ ನಡುಮನೆ ನೆಲದ ಮೇಲೆ ಕಾಣ್ಬೇಕು."

"ಮನೆ ಇಲ್ಲೇ ಇದೆಯಲ್ಲ ತಾತ," ಎಂದ ತಮ್ಮ.

"ಇದೆ ಕಣೋ. ಎಷ್ಟಿದೆ ಅಂತ ಗೊತ್ತೇನೋ?"

ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಎರಡು ವಾರ ನಾವು ಕೆಮ್ಮುತ್ತ ಮನೆ ಅಳೆದೆವು. ಸ್ಕೂಲಿನಲ್ಲಿ ಬೆತ್ತಕ್ಕೂ ಬಗ್ಗದ ಹನ್ನೆರಡರ ಮಗ್ಗಿ ಅಡುಗೆಮನೆಯ ಉದ್ದಗಲದಲ್ಲಿ ತಾನಾಗಿ ಬಾಯಿಗೆ ಬಂತು. ದೇವರಮನೆಯನ್ನು ಮಡಿಯಲ್ಲಿ ಅಳೆದೆವು. ತಮ್ಮ ಬೆಕ್ಕನ್ನೂ ಅಳೆದ. ಬಾಲ ಬಿಟ್ಟು ಒಂದೂಕಾಲು ಅಡಿ. ನಮಗೆ ಬೇಸರ ಬಂದಾಗ ತಾತ ಗಂಭೀರವಾಗಿ ಹೇಳುತ್ತಿದ್ದರು: "ಹಳೇಬೀಡಿನ ಗುಡಿ ಕಟ್ದೋರೂ ಮೊದ್ಲು ಉಳಿ ಹಿಡೀಲಿಲ್ಲ, ಹಗ್ಗ ಹಿಡಿದ್ರು." ನಮ್ಮ ಬಚ್ಚಲುಮನೆಗೂ ಹಳೇಬೀಡಿಗೂ ನೆಂಟಸ್ತಿಕೆ ಇದೆಯೆಂದು ನಾನು ಬಹಳ ದಿನ ನಂಬಿದ್ದೆ.

ಕೊನೆಗೆ ಉಳಿದದ್ದು ಹಿಂದಿನ ಹಜಾರ. ಅದರ ಒಂದು ತುದಿಗೆ, ತಾತನ ಅಡುಗೆಮನೆಯ ಗೋಡೆಗೆ ಒರಗಿದಂತೆ, ಸೂರು ಮುಟ್ಟುವಷ್ಟು ಸೌದೆ. ನಾನು ಸೌದೆ ಹತ್ತಿ ಹಗ್ಗದ ತುದಿಯನ್ನು ಗೋಡೆಗೆ ಮುಟ್ಟಿಸಿದೆ. ಬೀಜ ಜೋಡಿಸಿದಾಗ ಮನೆಯ ಮುಂಭಾಗ ಇಪ್ಪತ್ತಾರು ಬೀಜ, ಹಿಂಭಾಗ ಇಪ್ಪತ್ತನಾಲ್ಕೂವರೆ. ಇಲಿ ಕಚ್ಚಿದ ರೊಟ್ಟಿಯ ಹಾಗೆ ನಮ್ಮ ಮನೆ ಒಂದು ಮೂಲೆ ಕಳೆದುಕೊಂಡಿತ್ತು.

"ತಪ್ಪು ಅಳ್ದಿದೀರಿ," ಎಂದರು ತಾತ. ಇನ್ನೊಮ್ಮೆ ಅಳೆದೆವು. ಮತ್ತೊಮ್ಮೆ. ತಾಲ್ಲೂಕು ಕಚೇರಿಯಿಂದ ಬಂದ ಅಪ್ಪ ಟ್ರಂಕಿನಿಂದ ಮನೆಯ ಕ್ರಯಪತ್ರ ತೆಗೆದು ಓದಿದರು: ಮುಂದೂ ಹಿಂದೂ ಇಪ್ಪತ್ತಾರು ಅಡಿ. ತಾತನ ಮುಖ ಸಣ್ಣಗಾಯಿತು. ಅವರ ಅಡುಗೆಮನೆ ಹೊಸದಾಗಿ ಕಟ್ಟಿದ್ದು ಅವರು ಜಾವಗಲ್ಲಿನಲ್ಲಿ ಬೇರೆಯವರ ಹೊಲ ಅಳೆಯುತ್ತಿದ್ದಾಗ.

ಕಟ್ಟಿದ ಗಾರೆಯವನನ್ನು ಕರೆಸಿದರು. ಅವನು ತಲೆ ಕೆರೆದುಕೊಂಡ. "ಒರಳ್ಕಲ್ಲಿಗೆ ಜಾಗ ಸಾಲಲ್ಲ, ಒಸಿ ಆಚೆ ತಳ್ಳು ಅಂದ್ರು ಅಮ್ಮಾವ್ರು. ತಳ್ದೆ. ಗೋಡೆಗೇನ್ ಗೊತ್ತಾಯ್ತದೆ ಸ್ವಾಮಿ?"

"ಒರಳು ತಲೆ ಮೇಲೆ ಇಟ್ಕೊಂಡು ರುಬ್ಲಾ?" ಎಂದರು ಗೋಡೆಯಾಚೆಯಿಂದ ಅಜ್ಜಿ, ಅಂದರೆ ತಾತನ ಹೆಂಡತಿ. "ಮಂಡಿಯವ್ರ ಕಿವಿಗೆ ಬಿದ್ರೆ ಊರೆಲ್ಲಾ ಡಂಗುರ ಹೊಡೀತಾರೆ. ಸುಮ್ನಿರಿ."

ಅಪ್ಪನೂ ಅದನ್ನೇ ಹೇಳಿದರು. "ಹಗ್ಗ ಹಿಗ್ಗಿರಬೇಕು ರಾಯರೇ. ಮಕ್ಕಳಾಟ, ಬಿಟ್ಬಿಡಿ."

ತಾತ ಮನೆಗೆ ಹೋಗಿ ಕಬ್ಬಿಣದ ಸರಪಳಿ ತಂದರು. ಹಿಂದೆಂದೋ ಹರಾಜಿನಲ್ಲಿ ಕೊಂಡದ್ದು. ಅಷ್ಟರಲ್ಲಿ ಅಪ್ಪ ಸೌದೆ ಸರಿಸಿದ್ದರು. ಒಂದು ತುದಿ ನನ್ನ ಕೈಗೆ ಬಂತು. ಆಚೆ ತುದಿಯಲ್ಲಿ ತಾತ, ಮಧ್ಯೆ ಅಪ್ಪ, ಬಾಗಿಲಲ್ಲಿ ಅಜ್ಜಿ. ಈ ಅಳತೆ ನಿಜವಾದರೆ ಬೀದಿಯಲ್ಲಿ ತಾತ ತಲೆ ಎತ್ತುವ ಹಾಗಿಲ್ಲ ಎನ್ನುವಷ್ಟು ನನಗೂ ಅರ್ಥವಾಗಿತ್ತು. ಸುಮಾರು ಒಂದೂವರೆ ಅಡಿ ಸರಪಳಿಯನ್ನು ಲಂಗದ ನೆರಿಗೆಯೊಳಗೆ ಮಡಚಿ ಹಿಡಿದುಕೊಂಡೆ.

"ಇಪ್ಪತ್ತಾರು!" ಎಂದರು ಅಪ್ಪ, ಬಹಳ ಖುಷಿಯಿಂದ.

ತಾತ ಖುಷಿಪಡಲಿಲ್ಲ. ಸರಪಳಿ ಹಿಡಿದುಕೊಂಡೇ ನನ್ನ ಹತ್ತಿರ ನಡೆದು ಬಂದರು.

"ಕೈ ತೋರ್ಸಮ್ಮ."

ತೋರಿಸಿದೆ. ಕೊಂಡಿಗಳು ಗಲಗಲ ಎಂದು ನೆಲಕ್ಕೆ ಬಿದ್ದವು. ಆ ಸದ್ದು ಈಗಲೂ...

"ನನಗೆ ಉಪಕಾರ ಮಾಡೋಕೆ ಹೋಗ್ಬೇಡ ಕಣಮ್ಮ," ಎಂದರು ತಾತ. ಗದರಲಿಲ್ಲ. "ಬಿಗಿಯಾಗಿ ಹಿಡಿ, ಅಷ್ಟು ಸಾಕು."

ಹಿಡಿದೆ. ಇಪ್ಪತ್ತನಾಲ್ಕೂವರೆ. ನನಗೆ ಅಳು ಬಂತು. ಅದು ಕೆಮ್ಮೆಂದು ತಿಳಿದು ಅಮ್ಮ ಕಷಾಯ ಕುಡಿಸಿದಳು.

ಮರುದಿನ ಬೆಳಿಗ್ಗೆ ತಾತ ಪೇಟ ಸುತ್ತಿ, ಕೋಟು ತೊಟ್ಟು, ನೇರ ಮಂಡಿಗೆ ನಡೆದರು. ತಮ್ಮನೂ ನಾನೂ ಕಿಟಕಿಯಿಂದ ನೋಡಿದೆವು. ನಡೆದದ್ದನ್ನು ಅಪ್ಪ ಆಮೇಲೆ ಹೇಳಿದರು. ತಾತ ಕಡಿಸಿದ ಅದೇ ಜಗುಲಿಯ ಮುಂದೆ ನಿಂತು, ಕೊಬ್ಬರಿ ತಂದ ರೈತರೆಲ್ಲ ಕೇಳುವಂತೆ ತಮ್ಮ ಒತ್ತುವರಿಯನ್ನು ತಾವೇ ಸಾರಿದರಂತೆ. ಮಂಡಿಯವರು ಕೇಳಿದರಂತೆ: "ನಾಲ್ಕು ಬೆರಳಿಗೆ ನನ್ನ ಜಗುಲಿ ಕಡಿಸಿದ್ರಿ. ಒಂದೂವರೆ ಅಡಿಗೆ ಎಷ್ಟು ಬೆರಳಾಯ್ತು ಸ್ವಾಮಿ?"

"ಇಪ್ಪತ್ತನಾಲ್ಕು," ಎಂದರಂತೆ ತಾತ. ಲೆಕ್ಕದಲ್ಲಿ ಅವರು ಎಂದೂ ತಡವರಿಸಿದವರಲ್ಲ. ಮಂಡಿಯವರಿಗೆ ನಗಬೇಕೋ ನಮಸ್ಕಾರ ಮಾಡಬೇಕೋ ತಿಳಿಯದೆ ಎರಡನ್ನೂ ಮಾಡಿ, ಕುಡಿಯಲು ಎಳನೀರು ಕೊಡಿಸಿದರಂತೆ.

ಅಪ್ಪ ಎಷ್ಟು ಬೇಡವೆಂದರೂ ತಾತ ಗೋಡೆ ಕೆಡವಿಸಿ ಹಿಂದಕ್ಕೆ ಕಟ್ಟಿಸಿದರು. ಹೂತಿದ್ದ ಒರಳುಕಲ್ಲು ಹೂತಲ್ಲೇ ಉಳಿದು ನಮ್ಮ ಹಜಾರದ ಪಾಲಾಯಿತು. ಅಜ್ಜಿ ರುಬ್ಬುವುದಕ್ಕೆ ದಿನವೂ ನಮ್ಮ ಮನೆಗೆ ಬರತೊಡಗಿದರು. ರುಬ್ಬುವಷ್ಟು ಹೊತ್ತೂ ಸರ್ವೆ ಇಲಾಖೆಗೆ ಮಂಗಳಾರತಿ. ಅವರ ಪ್ರವೇಶಕ್ಕೆ ಅನುಮತಿ ಕೋರಿ ತಾತ ಅಪ್ಪನಿಗೆ ಲಿಖಿತ ಅರ್ಜಿ ಕೊಟ್ಟರು. ಅಪ್ಪ ಕಚೇರಿಯ ಗತ್ತಿನಲ್ಲಿ "ಮಂಜೂರು" ಎಂದು ಬರೆದು ಸಹಿ ಹಾಕಿದರು. ನಮ್ಮ ಕೆಮ್ಮು ಎಂದು ನಿಂತಿತೋ ಯಾರೂ ಗಮನಿಸಲಿಲ್ಲ.

ತಾತ ನನ್ನ ಮದುವೆಗೆ ಮೊದಲೇ ತೀರಿಕೊಂಡರು. ಅಜ್ಜಿ ಹೆಚ್ಚು ದಿನ ಉಳಿಯಲಿಲ್ಲ. ಆ ದಿನದ ಸರಪಳಿಗಾಗಿ ತಾತನ ಹತ್ತಿರ ತಪ್ಪಾಯಿತು ಎನ್ನಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತು... ಅನ್ನಲಿಲ್ಲ. ಈಗ ಅನ್ನುವುದಕ್ಕೆ ಆ ಕಡೆ ಯಾರೂ ಇಲ್ಲ.

ಆ ಮನೆಯಲ್ಲೀಗ ತಮ್ಮ ಇದ್ದಾನೆ. ಪಕ್ಕದ ಮನೆಯನ್ನು ಯಾರೋ ಹೊಸಬರು ಕೊಂಡು, ಟೇಪು ಹಿಡಿದವರನ್ನು ಕರೆಸಿ ಎರಡೂ ಮನೆ ಅಳೆಸಿದರೆಂದು ಮೊನ್ನೆ ಕಾಗದ ಬರೆದಿದ್ದ. ಹಿಂದಿನ ಹಜಾರ ಸರಿಯಾಗಿ ಇಪ್ಪತ್ತಾರು ಅಡಿ ಬಂತಂತೆ.